ಎರಡು ನೀಲಿ ಡ್ರಮ್ಮು, ಒಂದು ಸಿಗಡಿ

ನಮ್ಮ ಮನೆಯ ಸಮುದ್ರ ಇನ್ನೂರು ಲೀಟರಿನದು. ಶಿರಸಿ ಪೇಟೆಯಲ್ಲಿ ನಾವಿರುವ ಮಹಡಿಮನೆಯ ಮುಂದಿನ ಕೋಣೆಯಲ್ಲಿ, ಟೀವಿ ಇರಬೇಕಾಗಿದ್ದ ಜಾಗದಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅದು ಕೂತಿದೆ. ಗಾಜಿನ ತೊಟ್ಟಿ, ಉಪ್ಪುನೀರು, ನೀರೊಳಗೆ ಕಲ್ಲು, ಕಲ್ಲಿನ ಮೇಲೆ ಹವಳ. ಹವಳ ಎಂದರೆ ಉಂಗುರದಲ್ಲಿ ಕೂರುವ ಕೆಂಪು ಹರಳಲ್ಲ. ಬೆರಳಿನಂಥ, ಅಣಬೆಯಂಥ, ಅಂಗಿಯ ಗುಂಡಿಯಂಥ ಮೆತ್ತನೆಯ ಜೀವಿಗಳು. ಗಟ್ಟಿ ಕಲ್ಲುಹವಳ ಸಾಕಲು ಕಾನೂನು ಬಿಡುವುದಿಲ್ಲ, ಮೆತ್ತನೆಯದಕ್ಕೆ ಅಡ್ಡಿಯಿಲ್ಲ. ದೀಪ ಹತ್ತಿದೊಡನೆ ಅವು ಅರಳುತ್ತವೆ, ಆರಿದಾಗ ಮುದುಡುತ್ತವೆ. ಜೊತೆಗೆ ಕಿತ್ತಳೆ ಬಣ್ಣದ ಎರಡು ಮೀನು, ಗಾಜಿನ ಪಾಚಿ ನೆಕ್ಕುವ ಹನ್ನೊಂದು ಶಂಖದಹುಳು, ಮತ್ತು ಒಂದು ಸಿಗಡಿ.

ಇದೆಲ್ಲ ಶುರುವಾಗಿ ಎಷ್ಟು ಕಾಲವಾಯಿತು ಎಂದು ಕೇಳಿದರೆ ನಾನು ಎರಡು ವರ್ಷ ಎನ್ನುತ್ತೇನೆ. ಹೆಂಡತಿ ಒಂದೂವರೆ ವರ್ಷ ಎನ್ನುತ್ತಾಳೆ. ತೊಟ್ಟಿ ಮೆಟ್ಟಿಲು ಹತ್ತಿದ ದಿನ ಅವಳು ಅಪ್ಪೆಮಿಡಿ ಉಪ್ಪಿಗೆ ಹಾಕುತ್ತಿದ್ದಳಂತೆ, ಅದು ಅವಳ ಸಾಕ್ಷಿ. ನನ್ನ ಬಳಿ ಸಾಕ್ಷಿಯಿಲ್ಲ, ಬರೀ ನೆನಪಿದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದುವಾಗ ನಾನು ಕಲಿತದ್ದು ಮುಖ್ಯವಾಗಿ ಒಂದೇ: ನೋಡಿದ್ದನ್ನು ಆಗಲೇ ಬರೆದಿಡದಿದ್ದರೆ ನೋಡಿದಂತೆಯೇ ಅಲ್ಲ. ಈಗ ಯಲ್ಲಾಪುರದ ಕಾಲೇಜಿನಲ್ಲಿ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಹೇಳಿ, ಸಂಜೆ ಶಿರಸಿ ಬಸ್ಸು ಹತ್ತಿ, ಲ್ಯಾಬಿನ ಬಾಗಿಲು ಹಾಕಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಚಡಪಡಿಸುತ್ತೇನೆ.

ಸಿಗಡಿಯ ವಿಷಯಕ್ಕೆ ಬರುತ್ತೇನೆ. ಬೆನ್ನಿಗೆ ಕೆಂಪು ಪಟ್ಟಿ, ಪಟ್ಟಿಯ ನಡುವೆ ಬಿಳಿ ಗೆರೆ, ತನಗಿಂತ ಉದ್ದದ ಬಿಳಿ ಮೀಸೆ. ಮೀನಿನ ಮೈಮೇಲಿನ ಕೊಳೆ, ಸತ್ತ ಚರ್ಮ ಹೆಕ್ಕಿ ತಿನ್ನುವುದು ಅದರ ಕಸುಬು. ನೀರಿಗೆ ಕೈ ಇಳಿಸಿದರೆ ಕೈಯನ್ನೂ ಮೀನೆಂದೇ ತಿಳಿದು ಹತ್ತಿ ಕೂತು ಉಗುರಿನ ಸಂದಿ ಕೆದಕುತ್ತದೆ. ಇದನ್ನು ಕಂಡುಹಿಡಿದದ್ದು ನಾನಲ್ಲ, ನನ್ನ ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ, ಸಿದ್ದಾಪುರ ತಾಲೂಕಿನ ಹೇರೂರಿನವಳು. ಹಲ್ಲಿನ ಡಾಕ್ಟರನ್ನು ನೋಡಲು ವಾರಕ್ಕೊಮ್ಮೆ ಶಿರಸಿಗೆ ಬರುತ್ತಿದ್ದಳು. ಹಲ್ಲು ಕೂತು ಎಂಟು ತಿಂಗಳಾಯಿತು, ಬರುವುದು ನಿಂತಿಲ್ಲ. ಬಂದವಳು ಚಪ್ಪಲಿ ಬಿಟ್ಟು, ಬಳೆ ಮೇಲೆ ಸರಿಸಿ, ಸೋಪು ಹಾಕದೆ ಬರೀ ನೀರಲ್ಲಿ ಕೈ ತೊಳೆದು, ನೇರ ತೊಟ್ಟಿಗೆ ಕೈ ಇಳಿಸುತ್ತಾಳೆ. ಅಡಿಕೆ ಕೆಲಸದಲ್ಲಿ ಕಪ್ಪಾದ ಅವಳ ಉಗುರುಗಳೆಂದರೆ ಸಿಗಡಿಗೆ ಹಬ್ಬ.

"ಮೀನು ಸಿಗಡಿ ಹೇಳಿದ್ರೆ ಮೂಗು ಮುಚ್ಕಂಬವಳು ನೀನು," ಎಂದು ಹೆಂಡತಿ ಒಮ್ಮೆ ಕೆಣಕಿದಳು.

"ಆನು ಇದನ್ನ ತಿಂತ್ನಿಲ್ಲೆ ಕೂಸೆ, ಇದು ಎನ್ನ ತಿಂತು," ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡು. "ರಾಶಿ ಚೊಲೋ ಆಗ್ತು."

ಇಂಥ ಸಮುದ್ರ ಸಾಕುವವರು ಮೀನು ನೋಡುವುದಕ್ಕಿಂತ ಹೆಚ್ಚು ಹೊತ್ತು ನೀರು ಪರೀಕ್ಷಿಸುತ್ತಾರೆ. ನೀರಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಅದಕ್ಕೆ ಪರೀಕ್ಷೆಯ ಕಿಟ್ಟುಗಳಿವೆ. ಮೊದಲು ನಾನು ತರಿಸಿದ್ದು ಕಾಗದದ ಪಟ್ಟಿ. ಒಮ್ಮೆ ನೀರಿಗೆ ಅದ್ದಿದರೆ ಐದು ಚೌಕಗಳು ಐದು ಬಣ್ಣಕ್ಕೆ ತಿರುಗುತ್ತವೆ, ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿ ನೋಡಿಕೊಳ್ಳಬೇಕು. ಒಂದೇ ನೀರಿಗೆ ಎರಡು ಪಟ್ಟಿ ಅದ್ದಿದೆ. ಎರಡು ಬೇರೆ ಬೇರೆ ಸಮುದ್ರ ಬಂದವು. ಡಬ್ಬಿ ಅಟ್ಟಕ್ಕೆ ಹೋಯಿತು.

ಆಮೇಲೆ ಹನಿ ಹಾಕುವ ಕಿಟ್ಟು. ಸಣ್ಣ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು, ಹೇಳಿದಷ್ಟು ಹನಿ ರಾಸಾಯನಿಕ ಬಿಟ್ಟು, ಕುಲುಕಿ, ಬಣ್ಣ ಏಳುವುದನ್ನು ಕಾಯಬೇಕು. ಇದರಲ್ಲಿ ಎರಡು ಕಷ್ಟ. ಒಂದು, ಹನಿ ಎಣಿಸುವುದು. ನೀರಿನ ಕ್ಷಾರ ನೋಡುವ ಕಿಟ್ಟಿನಲ್ಲಿ ನೀಲಿ ಬಣ್ಣ ಹಳದಿಗೆ ತಿರುಗುವವರೆಗೆ ಒಂದೊಂದೇ ಹನಿ ಬಿಡುತ್ತ ಹೋಗಬೇಕು. ನಾನು ಆರಕ್ಕೆ ಬರುವಷ್ಟರಲ್ಲಿ, ಐದನ್ನು ಎಣಿಸಿದೆನೋ ಐದೆಂದು ಯೋಚಿಸಿದೆನೋ ಎಂಬ ಅನುಮಾನ ಹುಟ್ಟುತ್ತದೆ. ಎರಡು, ಬಣ್ಣ. ನೈಟ್ರೇಟಿನ ಬಣ್ಣ ಹೋಲಿಸುವ ಕಾರ್ಡಿನಲ್ಲಿ ಏಳು ಬಗೆಯ ಗುಲಾಬಿ ಬಣ್ಣಗಳಿದ್ದವು. ಟ್ಯೂಬ್‌ಲೈಟಿನ ಕೆಳಗೆ ನನ್ನ ನಳಿಗೆ ಮೂರನೆಯ ಗುಲಾಬಿ, ಕಿಟಕಿಯ ಬಳಿ ನಾಲ್ಕನೆಯದು, ಟೆರೇಸಿನಲ್ಲಿ ಕಾರ್ಡಿನಲ್ಲೇ ಇಲ್ಲದ್ದು.

ನಾನು ಹೀಗೆ ನಳಿಗೆ ಹಿಡಿದು ಮೇಲೆ ಕೆಳಗೆ ಓಡುತ್ತಿದ್ದ ಒಂದು ಮಧ್ಯಾಹ್ನ ಅತ್ತೆ ತೊಟ್ಟಿಯಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, "ಇಲ್ಲಿ ತಾ," ಎಂದಳು. ನಳಿಗೆಯನ್ನು ಬಿಳಿ ಗೋಡೆಗೆ ಹಿಡಿದು ನೋಡಿ, ಕಾರ್ಡಿನ ಮೇಲೆ ಬೆರಳಿಟ್ಟಳು. "ಇದು. ಇದಕ್ಕೂ ಅದಕ್ಕೂ ಮಧ್ಯ ಹೇಳಡ, ಇದೇಯ."

ನನಗೆ ನಂಬಿಕೆ ಬರಲಿಲ್ಲ. ನಂಬುವುದು ನನ್ನ ಸ್ವಭಾವವೂ ಅಲ್ಲ. ಅಡಿಗೆಮನೆಗೆ ಹೋಗಿ ಐದು ನಳಿಗೆ ತಯಾರು ಮಾಡಿದೆ. ಮೂರರಲ್ಲಿ ಒಂದೇ ನೀರು, ಎರಡರಲ್ಲಿ ಅದನ್ನೇ ಸ್ವಲ್ಪ ತೆಳು ಮಾಡಿದ್ದು. ಕೆಳಗೆ ಗುರುತು ಅಂಟಿಸಿ ಅದಲುಬದಲು ಮಾಡಿ ತಂದು ಅವಳೆದುರು ಇಟ್ಟೆ. ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ದರ್ಜೆಗೆ ಆರಿಸುವವರ ಕೈ ಹೇಗೆ ಓಡುತ್ತದೆ ಎಂಬುದನ್ನು ಕಂಡವರಿಗೆ ಗೊತ್ತು: ನೋಡುವುದು, ಎತ್ತುವುದು, ಎಸೆಯುವುದು ಮೂರೂ ಒಂದೇ ಕೆಲಸ. ಅತ್ತೆ ಐದು ನಳಿಗೆಯನ್ನು ಎರಡು ಗುಂಪು ಮಾಡಿ ನನ್ನ ಕಡೆ ತಳ್ಳಿದಳು.

"ಇವು ಮೂರು ಒಂದೇ. ಇವೆರಡಕ್ಕೆ ನೀನು ನೀರು ಹಾಕಿದ್ದೆ. ಅತ್ತೆಯ ಪರೀಕ್ಷೆ ಮಾಡ್ತ್ಯನ ತಮಾ?"

ಅದೇ ಐದನ್ನು ಹೆಂಡತಿ ಅದಲುಬದಲು ಮಾಡಿ ನನ್ನೆದುರು ಇಟ್ಟಳು. ನಾನು ನಾಲ್ಕು ಗುಂಪು ಮಾಡಿದೆ. ಅವರಿಬ್ಬರೂ ನಕ್ಕ ರೀತಿಗೆ ಮೀನುಗಳು ಕಲ್ಲಿನ ಹಿಂದೆ ಹೋದವು.

ಅಂದಿಗೆ ಕಿಟ್ಟಿನ ಆಯ್ಕೆ ಮುಗಿಯಿತು. ಅಂಕಿ ತೋರಿಸುವ ದುಬಾರಿ ಯಂತ್ರ ಬೇಡ, ಕಾಗದದ ಪಟ್ಟಿ ಬೇಡ. ಹನಿಯ ಕಿಟ್ಟು ಮತ್ತು ಅತ್ತೆ. ಹನಿ ಎಣಿಸುವ ಕೆಲಸವನ್ನೂ ಅವಳೇ ತೆಗೆದುಕೊಂಡಳು. ಅಕ್ಕಿ ಅಳೆಯುವ ಮನೆಯವಳು, ಅವಳ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. "ಲಾಭ, ಎರಡು, ಮೂರು" ಎಂದು ಅವಳು ಎಣಿಸುವಾಗ ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಒಂದು ಹನಿಯೂ ತಪ್ಪಿದ ನೆನಪಿಲ್ಲ. ಅಂದರೆ ನೋಟ್‌ಬುಕ್ಕಿನಲ್ಲಿ ತಪ್ಪಿಲ್ಲ.

ಯಾವ ಯಾವ ಕಿಟ್ಟು ಬೇಕು ಎಂದು ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಯವನಿಗೆ ಪಟ್ಟಿ ಓದಿ ಹೇಳಿದೆ. ಅಮೋನಿಯಾ, ನೈಟ್ರೇಟು, ಫಾಸ್ಫೇಟು, ಕ್ಷಾರ, ತಾಮ್ರ. ಕೊನೆಯದಕ್ಕೆ ಅವನು ತಡೆದ.

"ತಾಮ್ರದ್ದು ನಿಮಗ್ಯಾಕ ಬೇಕ್ರಿ ಸರ? ಅದು ಬರೇ ಮೀನ ಇಟ್ಟು ಔಷಧ ಹಾಕೋರಿಗೆ. ಹವಳ, ಸಿಗಡಿ ಇದ್ದಲ್ಲಿ ತಾಮ್ರ ಒಂದ್ ಚೂರ ಹೋದ್ರೂ ಖಲಾಸ್ ಆಗ್ತಾವ್ರಿ. ನೀವೇನ್ ತಾಮ್ರ ಹಾಕ್ತೀರೇನು?"

"ಛೇ, ನಾನ್ಯಾಕೆ ಹಾಕಲಿ?" ಎಂದು ನಕ್ಕು ಆ ಸಾಲನ್ನು ಹೊಡೆದುಹಾಕಿದೆ. ಎಂ.ಎಸ್ಸಿ. ಓದಿದವನ ನಗು ಅದು. ನೋಟ್‌ಬುಕ್ಕಿನಲ್ಲಿ ಆ ಗೆರೆ ಇಂದಿಗೂ ಇದೆ, ಸ್ಕೇಲು ಇಟ್ಟು ಎಳೆದದ್ದು.

ಅಲ್ಲಿಯವರೆಗೆ ನಾವು ಪೊಟ್ಟಣದ ಉಪ್ಪನ್ನು ಶುದ್ಧ ನೀರಿಗೆ ಕಲಸಿ ಸಮುದ್ರ ಮಾಡುತ್ತಿದ್ದೆವು. ಚಳಿಗಾಲದಲ್ಲಿ ಒಮ್ಮೆ ಉಪ್ಪು ಮುಗಿಯುತ್ತ ಬಂತು, ಹುಬ್ಬಳ್ಳಿಯಲ್ಲೂ ಇರಲಿಲ್ಲ. ಅದೇ ಹೊತ್ತಿಗೆ ಅತ್ತೆಯ ಮಗ ತೆಂಗಿನ ಸಸಿ ತರಲು ಪಿಕಪ್ಪಿನಲ್ಲಿ ಕುಮಟೆಗೆ ಹೊರಟಿದ್ದ. "ಕಡಲೇ ಇದ್ದಲ ಅಲ್ಲಿ! ತುಂಬ್ಕಂಡು ಬನ್ನಿ," ಎಂದಳು ಅತ್ತೆ. ಘಟ್ಟ ಇಳಿದರೆ ನಿಜವಾದ ಸಮುದ್ರ ಬಿದ್ದುಕೊಂಡಿರುವಾಗ ನಾವು ಪೊಟ್ಟಣ ಹರಿಯುತ್ತಿದ್ದೆವು ಎಂಬುದು ಇದ್ದಕ್ಕಿದ್ದಂತೆ ಎಂಥ ಪೆದ್ದುತನವಾಗಿ ಕಂಡಿತೆಂದರೆ, ನಾನು ಮತ್ತು ಹೆಂಡತಿ ಭಾನುವಾರ ಬೆಳಿಗ್ಗೆ ಹೇರೂರಿಗೆ ಹೋಗಿ ಪಿಕಪ್ಪು ಹತ್ತಿಯೇಬಿಟ್ಟೆವು.

ನೀರಿಗೆ ಡ್ರಮ್ಮು ಬೇಕಲ್ಲ. ಅತ್ತೆಯ ಮನೆಯ ಉಗ್ರಾಣದಲ್ಲಿ ಎರಡು ನೀಲಿ ಡ್ರಮ್ಮುಗಳಿದ್ದವು, ಒಂದೇ ಅಳತೆ, ಒಂದೇ ಅಂಗಡಿಯವು. ಒಂದು ಮನೆಯಲ್ಲಿ ಊಟಕಾರ್ಯವಿದ್ದಾಗ ಕುಡಿಯುವ ನೀರಿಗೆ. ಇನ್ನೊಂದು ಔಷಧಿಗೆ. ಔಷಧಿ ಎಂದರೆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ಅದನ್ನು ಹದವಾಗಿ ಕೂಡಿಸುವುದರಲ್ಲಿ ಅತ್ತೆಗೆ ಸುತ್ತಿನಲ್ಲಿ ಹೆಸರಿದೆ. ಬೇರೆ ಮನೆಯವರೂ ಹದ ನೋಡಲು ಕರೆಯುತ್ತಾರೆ. ಮೈಲುತುತ್ತ ಎಂದರೆ ತಾಮ್ರ. ಇದು ನನಗೆ ಗೊತ್ತಿತ್ತು. ಅದರ ಹರಳು ಬೆಳೆಸುವುದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುವವನು ನಾನೇ.

"ಊಟದ ನೀರಿಂದು ತಿಕ್ಕಿ ತೊಳೆದು ಕವುಚಿ ಹಾಕಿದ್ದೆ, ಎಡಗಡೆಗೆ ಇದ್ದು," ಎಂದು ಅತ್ತೆ ಕೊಟ್ಟಿಗೆಯಿಂದಲೇ ಕೂಗಿದಳು. ನಾನು ಎಡಗಡೆಯದನ್ನು ತಂದೆ.

ಕುಮಟೆಯಲ್ಲಿ ನಾವು ಮಾಡಿದ್ದನ್ನು ನೋಡಲು ನಾಲ್ಕು ಮಂದಿ ಮೀನುಗಾರರು ಬಲೆ ಬಿಟ್ಟು ನಿಂತಿದ್ದರು. ಪ್ಯಾಂಟು ಮಡಚಿ, ಅಲೆ ಬಂದಾಗ ಓಡಿ, ಹೋದಾಗ ಬಗ್ಗಿ, ಬಕೆಟ್ಟು ಬಕೆಟ್ಟಾಗಿ ಕಡಲನ್ನು ಡ್ರಮ್ಮಿಗೆ ಸುರಿದೆವು. ಹೆಂಡತಿ ನಗುತ್ತ ಮಳಲಿನ ಮೇಲೆ ಕೂತೇಬಿಟ್ಟಳು. ತನ್ನ ನೆನಪಿಗೆ ಇರಲೆಂದು ಒಂದು ಗಾಜಿನ ಬಾಟಲಿಯಲ್ಲಿ ಮಳಲು, ಎರಡು ಚಿಪ್ಪು, ಒಂದಿಷ್ಟು ನೀರು ತುಂಬಿಕೊಂಡಳು. ಘಟ್ಟ ಹತ್ತುವಾಗ ಪ್ರತಿ ತಿರುವಿಗೂ ಹಿಂದೆ ಡ್ರಮ್ಮಿನೊಳಗೆ ಸಮುದ್ರ ಧಡಲ್ ಎನ್ನುತ್ತಿತ್ತು. ಶಿರಸಿಗೆ ಸಮುದ್ರ ತಂದವನು ನಾನು ಎಂದು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಬಂದು ಅಂದೇ ನಲವತ್ತು ಲೀಟರು ಹಳೆಯ ನೀರು ತೆಗೆದು ಹೊಸದನ್ನು ತೊಟ್ಟಿಗೆ ಬಿಟ್ಟೆ.

ಬಿಡುವಾಗ ಹೆಂಡತಿ ಡ್ರಮ್ಮಿನ ಒಳಗೆ ಬಗ್ಗಿ ನೋಡಿ, "ಅಂಚಿಗೆ ಎಂತದೋ ಬೆಳ್ಳಗೆ ಕಟ್ಟಿದ್ದಲ?" ಎಂದಳು.

"ಉಪ್ಪು ಅದು," ಎಂದೆ. ಇದನ್ನು ನಾನು ಹೇಳಿದ್ದು ನಿಜ. ಇಬ್ಬರ ನೆನಪೂ ಒಂದಾಗಿರುವ ಅಪರೂಪದ ಮಾತು ಅದು.

ಮಂಗಳವಾರ ಹವಳಗಳು ಅರಳಲಿಲ್ಲ. ದೀಪ ಹತ್ತಿ ಎರಡು ತಾಸಾದರೂ ಮುಷ್ಟಿ ಬಿಗಿದುಕೊಂಡೇ ಇದ್ದವು. ಬುಧವಾರ ಬೆಳಿಗ್ಗೆ ಮೂರು ಶಂಖದಹುಳು ಗಾಜಿನಿಂದ ಉದುರಿ ಬಿದ್ದಿದ್ದವು. ಸಿಗಡಿ ತನ್ನ ಕಲ್ಲಿನ ಮೇಲೆ ಇರಲಿಲ್ಲ. ಮೂಲೆಯಲ್ಲಿ, ಮೀಸೆ ಇಳಿಬಿಟ್ಟು ನಿಂತಿತ್ತು. ನಾನು ಕಾಲೇಜಿಗೆ ರಜೆ ಹೇಳಿ ಇದ್ದ ಕಿಟ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಅಮೋನಿಯಾ ಸೊನ್ನೆ. ನೈಟ್ರೇಟು ಎರಡನೆಯ ಗುಲಾಬಿ. ಕ್ಷಾರ ಬೇಕಾದಷ್ಟೇ. ಇಷ್ಟು ಚೆಂದದ ಅಂಕಿಗಳು ಆ ತೊಟ್ಟಿಯಲ್ಲಿ ಹಿಂದೆಂದೂ ಬಂದಿರಲಿಲ್ಲ.

"ಎಲ್ಲ ಚೊಲೋ ಇದ್ದು ಹೇಳಿ ಕಾಗದ ಹೇಳ್ತು," ಎಂದಳು ಹೆಂಡತಿ, ಸತ್ತ ಶಂಖಗಳನ್ನು ಚಮಚದಲ್ಲಿ ತೆಗೆಯುತ್ತ. "ಇವಕ್ಕೆ ಮಾತ್ರ ಓದಲೆ ಬತ್ತಿಲ್ಲೆ."

ಅಷ್ಟರಲ್ಲಿ ಅತ್ತೆ ಬಂದಳು. ಚಪ್ಪಲಿ ಬಿಟ್ಟು, ಬಳೆ ಸರಿಸಿ, ಕೈ ತೊಳೆದು, ನೀರಿಗೆ ಕೈ ಇಳಿಸಿದಳು. ಸಿಗಡಿ ಬರಲಿಲ್ಲ. ಅವಳು ಕೈಯನ್ನು ಮೂಲೆಯವರೆಗೆ ಒಯ್ದಳು. ಮೀಸೆ ಸಹ ಅಲ್ಲಾಡಲಿಲ್ಲ. ಅತ್ತೆ ಕೈ ತೆಗೆದು ಒರೆಸಿಕೊಳ್ಳದೆ ಹಾಗೆಯೇ ನಿಂತಳು, ನೆಲಕ್ಕೆ ನೀರು ಹನಿಯುತ್ತಿತ್ತು.

"ಎಂತ ಹಾಕಿದ್ಯ ಇದಕ್ಕೆ?"

"ಎಂತದೂ ಇಲ್ಲೆ ಅತ್ತೆ. ಕಡಲ ನೀರು, ಅಷ್ಟೇಯ."

"ಯಾವ ಡ್ರಮ್ಮಲ್ಲಿ ತಂದಿದ್ದೆ?"

ಡ್ರಮ್ಮು ಬಾಲ್ಕನಿಯಲ್ಲಿತ್ತು, ತಳದಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಅತ್ತೆ ಅದನ್ನು ಸುತ್ತು ಬಂದಳು. ಎರಡರಲ್ಲಿ ಯಾವುದೆಂದು ಹೇಳಲು ಯಾವ ಗುರುತೂ ಇರಲಿಲ್ಲ. ಉಗ್ರಾಣದ ಎಡಗಡೆಯಿಂದ ತಂದದ್ದು ಎಂದು ನಾನು ಆಣೆ ಮಾಡುವ ಹಾಗೆ ಹೇಳಿದೆ. ಆ ಚಿತ್ರ ನನಗೆ ಸ್ಪಷ್ಟವಾಗಿತ್ತು: ಎಡಗೈ ಕಡೆ ಗೋಡೆ, ಗೋಡೆಗೆ ಒರಗಿಸಿದ ಏಣಿ, ಏಣಿಯ ಬುಡದಲ್ಲಿ ಡ್ರಮ್ಮು.

"ಏಣಿ ಬಲಗಡೆಗೆ ಇಪ್ಪದು," ಎಂದಳು ಅತ್ತೆ.

"ನಿಂಗ ಒಳಗೆ ಹೋಗಿ ಬಾಗ್ಲಿಗೆ ಮುಖ ಮಾಡ್ಕಂಡು ಡ್ರಮ್ಮು ಎತ್ತಿದ್ದಿ," ಎಂದಳು ಹೆಂಡತಿ. "ಆನು ಬಾಗ್ಲಲ್ಲೇ ನಿಂತಿದ್ದೆ."

ಚಿತ್ರ ಸ್ಪಷ್ಟವಾಗಿದ್ದರೆ ಅದು ನಿಜ ಎಂದೇನೂ ಅಲ್ಲ. ಇದನ್ನು ಬೇರೆಯವರಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ನೋಟ್‌ಬುಕ್ಕು ತೆರೆದು ನೋಡಿದೆ. ಭಾನುವಾರದ ಪುಟದಲ್ಲಿ ನೀರಿನ ಉಷ್ಣತೆ, ಉಪ್ಪಿನ ಪ್ರಮಾಣ, ಅಲೆ ಇಳಿದಿತ್ತು ಎಂಬುದು, ಬಕೆಟ್ಟಿನ ಅಳತೆ, ಎಲ್ಲ ಇತ್ತು. ಡ್ರಮ್ಮಿನ ಸುದ್ದಿ ಇರಲಿಲ್ಲ.

ಅತ್ತೆಗೆ ಆಗ ಬೇರೆಯದೇ ಉರಿ ಹತ್ತಿತು. ಔಷಧಿಯ ಡ್ರಮ್ಮೇ ಆದರೂ ತಾನು ಮಳೆಗಾಲ ಮುಗಿದೊಡನೆ ತೊಳೆದಿಟ್ಟದ್ದು, ಅದರಲ್ಲಿ ಒಂದು ಕಣ ಮೈಲುತುತ್ತ ಉಳಿದಿರಲಿಕ್ಕಿಲ್ಲ ಎಂದಳು. "ಎನ್ನ ಕೈ ತೊಳೆತ ಅದು. ತಾ ಇಲ್ಲಿ ಕತ್ತಿಯ." ನಮ್ಮ ಮನೆಯ ಕಬ್ಬಿಣದ ತರಕಾರಿ ಚಾಕುವನ್ನೇ ಬೂದಿಯಿಲ್ಲದ್ದಕ್ಕೆ ಪಾತ್ರೆಯ ಪುಡಿಯಲ್ಲಿ ತಿಕ್ಕಿ ಹೊಳೆಯಿಸಿ ಡ್ರಮ್ಮಿನ ನೀರಿಗೆ ಅದ್ದಿದಳು. ಔಷಧಿಯ ಹದ ನೋಡುವ ರೀತಿ ಅದು: ಕಬ್ಬಿಣಕ್ಕೆ ಕೆಂಪು ಹಿಡಿದರೆ ತಾಮ್ರ ಹೆಚ್ಚು, ಇನ್ನೂ ಸುಣ್ಣ ಬೇಕು, ಹಿಡಿಯದಿದ್ದರೆ ಸರಿ. ಸ್ವಲ್ಪ ಹೊತ್ತು ಬಿಟ್ಟು ಎತ್ತಿದಳು. ಚಾಕು ಹೊಳೆಯುತ್ತಲೇ ಇತ್ತು.

"ನೋಡು!"

"ಅತ್ತೆ, ಅದು ಅಡಿಕೆ ಮರಕ್ಕೆ ಸರಿ. ಕತ್ತಿಗೆ ಕಾಣದಷ್ಟು ತಾಮ್ರ ಸಿಗಡಿಗೆ ಸಾಕು. ಸಾಯಲೆ."

ಕೊನೆಯ ಶಬ್ದ ಹೇಳಬಾರದಿತ್ತು. ಅತ್ತೆ ಚಾಕು ಕೆಳಗಿಟ್ಟಳು. "ಹಂಗಾರೆ ಎನ್ನ ಡ್ರಮ್ಮು ಅದನ್ನ ಕೊಂದಾಂಗೆ ಆತು," ಎಂದು ಸಣ್ಣ ದನಿಯಲ್ಲಿ ಹೇಳಿ, ಮರುಕ್ಷಣವೇ ಜೋರಾಗಿ, "ಮೊದ್ಲು ಅದನ್ನ ಅಲ್ಲಿಂದ ತೆಗಿ!" ಎಂದಳು.

ಪೊಟ್ಟಣದ ತಳದಲ್ಲಿ ಒಂದು ಬಕೆಟ್ಟಿಗೆ ಸಾಲುವಷ್ಟು ಉಪ್ಪು ಉಳಿದಿತ್ತು. ನಾನು ಅದನ್ನು ಕಲಸಲು ಹೊಸ ಬಕೆಟ್ಟು ಹುಡುಕುತ್ತಿರುವಾಗ ಅತ್ತೆ ಅಡಿಗೆಮನೆಯಿಂದ ನಮ್ಮ ಕುಡಿಯುವ ನೀರಿನ ತಾಮ್ರದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಬಂದಳು.

"ಇದರಲ್ಲಿ ಬಿಡು. ರಾಶಿ ಶುದ್ಧ."

ನಾನು ಕಿರುಚಿದ್ದು ಕೆಳಗಿನ ಮನೆಗೂ ಕೇಳಿಸಿತಂತೆ.

"ಎಂತಕ್ಕೆ ಬೊಬ್ಬೆ ಹೊಡಿತೆ? ಆನು ಇಪ್ಪತ್ತು ವರ್ಷಂದ ತಾಮ್ರದ ನೀರೇ ಕುಡಿತೆ, ಎಂಗೆ ಎಂತ ಆಯ್ದು?"

"ನೀನು ಸಿಗಡಿ ಅಲ್ದಲೇ ಅತ್ತೆ!"

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು. ಅತ್ತೆ ಕೊಡ ನೋಡಿದಳು, ನನ್ನನ್ನು ನೋಡಿದಳು, ಅವಳಿಗೂ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಕೊಡ ಕೆಳಗಿಟ್ಟು, ಪ್ಲಾಸ್ಟಿಕ್ ಬಕೆಟ್ಟಿಗೆ ಉಪ್ಪು ಕಲಸಿ, ಗಾಳಿಯ ಪಂಪು ಹಚ್ಚಿ, ಸಿಗಡಿಯನ್ನು ಲೋಟದಲ್ಲಿ ಹಿಡಿದು, ತಾಸುಗಟ್ಟಲೆ ಚಮಚ ಚಮಚವಾಗಿ ಹೊಸ ನೀರಿಗೆ ಒಗ್ಗಿಸಿ ಬಿಟ್ಟೆವು. ಅದು ತಳಕ್ಕೆ ಹೋಗಿ ಓರೆಯಾಗಿ ನಿಂತಿತು. ಅಂದು ಅತ್ತೆ ಊರಿಗೆ ಹೋಗಲಿಲ್ಲ.

ಹುಬ್ಬಳ್ಳಿಯವನಿಗೆ ಫೋನು ಮಾಡಿದೆ. "ತಾಮ್ರದ ಕಿಟ್ಟು ಬೇಕಿತ್ತು," ಎಂದೆ.

"ಹಾಕಿದ್ರೇನ್ರಿ ಸರ?"

"ನಾನು ಹಾಕಲಿಲ್ಲ. ಅದಾಗಿ ಹೋಯಿತು."

"ಹಂಗಾದ್ರ ತಾಮ್ರ ಹೀರೋ ಸ್ಪಂಜೂ ಕೂಡ ಕಳಸ್ತೀನಿ. ನಾಳೆ ಮುಂಜಾನಿ ಕಾರವಾರ ಬಸ್ಸಿಗೆ ಕೊಡ್ತೀನಿ, ಯಲ್ಲಾಪುರದಾಗ ಇಳಿಸ್ಕೋರಿ."

ಗುರುವಾರ ಎರಡನೆಯ ಪಿರಿಯಡ್ಡು ಮುಗಿಸಿ ಯಲ್ಲಾಪುರ ಬಸ್‌ಸ್ಟ್ಯಾಂಡಿಗೆ ಓಡಿದೆ. ಕಂಡಕ್ಟರು ಪೊಟ್ಟಣ ಕೊಡುತ್ತ, "ಔಷಧಿನಾ ಸರ್? ಹುಷಾರಿಲ್ವಾ ಯಾರಿಗಾದ್ರೂ?" ಎಂದ. ಹೌದು ಎಂದೆ. ಯಾರಿಗೆ ಎಂದು ಹೇಳುವಷ್ಟು ಧೈರ್ಯ ಬರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಕೆಟ್ಟಿನ ಮುಂದೆ ಮಣೆ ಹಾಕಿ ಕೂತಿದ್ದಳು. "ಮುಗತ್ತು," ಎಂದಳು. ಬಕೆಟ್ಟಿನ ತಳದಲ್ಲಿ ಸಿಗಡಿ ಮಲಗಿತ್ತು, ಕಾಲು, ಮೀಸೆ, ಬಾಲ ಎಲ್ಲ ಇತ್ತು, ಬಣ್ಣ ಮಾತ್ರ ಇರಲಿಲ್ಲ. ಬೆಳ್ಳಗೆ, ಕಾಗದದ ಹಾಗೆ. ಗಾಳಿಯ ಗುಳ್ಳೆ ಏಳುತ್ತಿದ್ದಂತೆ ಅದು ಹಗುರವಾಗಿ ಅತ್ತಿತ್ತ ತೇಲಿತು.

ಅಷ್ಟು ಹಗುರವಾಗಿ. ನಾನು ಚಮಚದಲ್ಲಿ ಎತ್ತಿದೆ. ಒಳಗೆ ಏನೂ ಇರಲಿಲ್ಲ.

"ಪೊರೆ!" ಎಂದು ಕೂಗಿದೆ. "ಅತ್ತೆ, ಪೊರೆ ಬಿಟ್ಟಿದ್ದು ಇದು!"

ಗಾಳಿಯ ನಳಿಗೆಯ ಹಿಂದೆ, ಬಕೆಟ್ಟಿನ ಗೋಡೆಗೆ ಅಂಟಿಕೊಂಡು, ಹೊಸ ಕೆಂಪು ಅಂಗಿ ತೊಟ್ಟ ಸಿಗಡಿ ನಾಚಿಕೊಂಡು ನಿಂತಿತ್ತು. ಅತ್ತೆ ಬಗ್ಗಿ ನೋಡಿದಳು, ಮತ್ತೆ ಚಮಚ ನೋಡಿದಳು. "ಥೋ! ಬೆಳಗಾದಾಗಿಂದ ಇದಕ್ಕೆ ಅಳ್ತಾ ಕೂತಿದ್ನಲ್ಲ ಆನು!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದಳು, ಪೊರೆ ಬಿಟ್ಟವನು ನಾನೇ ಎಂಬಂತೆ. ಪೊರೆ ಬಿಡುವ ಹೊತ್ತಿನಲ್ಲೇ ತಾಮ್ರ ಸಿಗಡಿಯನ್ನು ಕೊಲ್ಲುವುದು. ಹಾಗಾಗಿ ಈ ಬಕೆಟ್ಟಿನ ನೀರು ಶುದ್ಧವೋ ಅಲ್ಲವೋ ಎಂಬುದು ಈಗಲೇ ಗೊತ್ತಾಗಬೇಕಿತ್ತು.

ನಾಲ್ಕು ನಳಿಗೆ ತೆಗೆದುಕೊಂಡೆ. ಒಂದರಲ್ಲಿ ತೊಟ್ಟಿಯ ನೀರು. ಒಂದರಲ್ಲಿ ಡ್ರಮ್ಮಿನ ತಳದ್ದು. ಒಂದರಲ್ಲಿ ಸಿಗಡಿಯ ಬಕೆಟ್ಟಿನದು. ಕಡಲೇ ಕೆಟ್ಟಿದ್ದರೆ ಎಂಬ ಅನುಮಾನವೂ ನನಗಿತ್ತು. ಆಗ ಹೆಂಡತಿ ಷೋಕೇಸಿನಿಂದ ತನ್ನ ಕುಮಟೆಯ ಬಾಟಲಿ ತಂದಿಟ್ಟಳು, ಮಳಲು ಚಿಪ್ಪು ಸಮೇತ. ಡ್ರಮ್ಮು ಮುಟ್ಟದ ಕಡಲು. ನಾಲ್ಕನೆಯ ನಳಿಗೆ ಅದು. ಯಾವುದು ಯಾವುದೆಂದು ಅತ್ತೆಗೆ ಹೇಳಲಿಲ್ಲ. ತಳದಲ್ಲಿ ಗುರುತು ಅಂಟಿಸಿದೆ, ಹೆಂಡತಿ ಅದಲುಬದಲು ಮಾಡಿದಳು, ನನಗೂ ಗೊತ್ತಾಗದಂತೆ. ಅತ್ತೆಯೇ ಹನಿ ಬಿಟ್ಟಳು. ಲಾಭ, ಎರಡು, ಮೂರು, ನಾಲ್ಕು. ಕುಲುಕಿ ಬಿಳಿ ಗೋಡೆಯ ಮುಂದೆ ಸಾಲಾಗಿ ಇಟ್ಟು ಮೂವರೂ ಅದರೆದುರು ಕೂತೆವು.

ಎರಡು ನಳಿಗೆ ನೀರಾಗಿಯೇ ಉಳಿದವು. ಮೂರನೆಯದರಲ್ಲಿ ಬಣ್ಣ ಇದೆಯೋ ಇಲ್ಲವೋ ಎನ್ನುವ ಹಾಗೆ ಏನೋ ಎದ್ದಿತು; ನನಗೆ ಕಾಣಲಿಲ್ಲ, ಅತ್ತೆಗೆ ಕಂಡಿತು, ಅದನ್ನು ಬೇರೆ ಸರಿಸಿದಳು. ನಾಲ್ಕನೆಯದು ನಿಧಾನಕ್ಕೆ ನೀಲಿಯಾಯಿತು. ಯಾರೂ ಅನುಮಾನಪಡಲಾಗದ ನೀಲಿ. ಕಿಟ್ಟಿನ ಕಾರ್ಡು ಅವಳ ಕೈಯಲ್ಲೇ ಇತ್ತು, ಅತ್ತೆ ಅದನ್ನು ನೋಡಲೇ ಇಲ್ಲ. ನಳಿಗೆ ಎತ್ತಿ ಬೆಳಕಿಗೆ ಹಿಡಿದು, ಹಳೆಯ ಪರಿಚಯದವರನ್ನು ಕಂಡವರಂತೆ, "ಅರೇ, ಇದು ಎನ್ನ ಔಷಧಿ ಬಣ್ಣವೇಯ!" ಎಂದಳು.

ಹೇಳಿದ ಮೇಲೆ ಅವಳಿಗೆ ತಿಳಿಯಿತು. ನಳಿಗೆಯನ್ನು ತಿರುಗಿಸಿ ತಳದ ಗುರುತನ್ನು ತಾನೇ ಓದಿದಳು. ಡ್ರಮ್ಮು. ಬೇರೆ ಸರಿಸಿದ್ದು ತೊಟ್ಟಿ. ಬಣ್ಣ ಬಾರದ ಎರಡರಲ್ಲಿ ಒಂದು ಹೆಂಡತಿಯ ಬಾಟಲಿ.

"ಇನ್ನೊಂದು?" ಎಂದಳು ಅತ್ತೆ.

"ಬಕೆಟ್ಟು," ಎಂದೆ.

ಅವಳು ನೆಲಕ್ಕೆ ಕೈಯೂರಿ ಕೂತು ನಕ್ಕಳು. ತನ್ನ ಡ್ರಮ್ಮಿನ ಮೇಲೆ ತಾನೇ ತೀರ್ಪು ಕೊಟ್ಟದ್ದಕ್ಕೆ ನಕ್ಕಳೋ, ಸಿಗಡಿ ಉಳಿದದ್ದಕ್ಕೆ ನಕ್ಕಳೋ ಕೇಳಲಿಲ್ಲ. "ಎನ್ನ ತೊಳೆತವೂ ಸುಳ್ಳು, ನಿನ್ನ ಎಡಗಡೆಯೂ ಸುಳ್ಳು," ಎಂದಳು. ಹೆಂಡತಿ ಬಾಟಲಿಯ ಮುಚ್ಚಳ ಬಿಗಿಮಾಡುತ್ತ, "ಮತ್ತೆ ಉಪ್ಪು?" ಎಂದಳು. "ಉಪ್ಪೂ ಸುಳ್ಳು," ಎಂದು ಒಪ್ಪಿಕೊಂಡೆ.

ಸ್ಪಂಜು ಹಾಕಿ, ಉಪ್ಪು ಬಂದ ಮೇಲೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆವು. ಹನ್ನೊಂದು ಶಂಖದಹುಳುಗಳಲ್ಲಿ ನಾಲ್ಕು ಉಳಿದವು. ಹವಳಗಳು ಒಂದೊಂದಾಗಿ ಮುಷ್ಟಿ ಬಿಚ್ಚಿದವು, ಅಣಬೆಯಂಥದ್ದು ಎಲ್ಲಕ್ಕಿಂತ ಕೊನೆಗೆ. ಹೇರೂರಿನ ಔಷಧಿ ಡ್ರಮ್ಮಿಗೆ ಅತ್ತೆ ಈಗ ಕೆಂಪು ಬಣ್ಣದ ಪಟ್ಟೆ ಬಳಿದಿದ್ದಾಳೆ, ಸುತ್ತಲೂ, ಕೈಯಗಲ. ತೊಟ್ಟಿಯ ನೀರು ತಾಮ್ರದ ಕಿಟ್ಟಿನಲ್ಲಿ ಮೂರು ವಾರ ಸತತ ನೀರಾಗಿಯೇ ಉಳಿದ ಮೇಲೆ, ಅದನ್ನೂ ಅತ್ತೆಯೇ ನೋಡಿ ಹೂಂ ಎಂದ ಮೇಲೆ, ಸಿಗಡಿಯನ್ನು ಬಕೆಟ್ಟಿನಿಂದ ಮತ್ತೆ ಸಮುದ್ರಕ್ಕೆ ಬಿಟ್ಟೆವು. ಅದು ನೇರ ತನ್ನ ಕಲ್ಲಿಗೆ ಹೋಯಿತು. ಅತ್ತೆ ಬಳೆ ಸರಿಸಿದಳು.

ಆ ದಿನ ಅದು ಹತ್ತಿದ್ದು ಅವಳ ಉಂಗುರದ ಬೆರಳಿಗೆ. ನನಗೆ ಸ್ಪಷ್ಟವಾಗಿ ನೆನಪಿದೆ. ಮೊನ್ನೆ ಹಾಗೆಂದಾಗ ಅತ್ತೆ ಒಪ್ಪಲಿಲ್ಲ.

"ತೋರುಬೆರಳಿಗೆ."

"ಉಂಗುರದ್ದಕ್ಕೆ ಅತ್ತೆ. ಉಂಗುರವನ್ನೇ ಕೆದಕ್ತಾ ಇತ್ತು."

"ಬೆರಳು ಎನ್ನದು ತಮಾ, ನಿಂದಲ್ಲ. ಬೇಕಾದ್ರೆ ನೋಡು ಈಗ." ಚಹಾದ ಲೋಟ ಕೆಳಗಿಟ್ಟು, ಕೈ ತೊಳೆದು ಬಂದು, ಐದೂ ಬೆರಳು ಅಗಲಿಸಿ ನೀರಿಗೆ ಇಳಿಸಿದಳು. ಹೆಂಡತಿ ನೋಟ್‌ಬುಕ್ಕು ಪೆನ್ನು ತಂದು ನನ್ನ ಕೈಗೆ ಕೊಟ್ಟಳು. ಸಿಗಡಿ ಕಲ್ಲಿನಿಂದ ಕೆಳಗಿಳಿಯಿತು, ಮೀಸೆಯಿಂದ ತೋರುಬೆರಳು ಮುಟ್ಟಿತು, ಉಂಗುರದ ಬೆರಳು ಮುಟ್ಟಿತು, ಎರಡನ್ನೂ ಬಿಟ್ಟು ಹೆಬ್ಬೆರಳಿಗೆ ಹತ್ತಿ ಕೂತು ಕೆಲಸ ಶುರುಮಾಡಿತು.

"ಬರಿ," ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡು.